ಹಳೇ ಮಿನಿ ಟ್ರ್ಯಾಕ್ಟರ್: ಎಚ್‌ಪಿ ಕೇಳುವ ಮೊದಲು ಟೇಪ್ ಹಿಡಿಯಿರಿ

ಹಳೇ ಮಿನಿ ಟ್ರ್ಯಾಕ್ಟರ್ ಒಂದು ಸಿಕ್ಕಿದೆ, ತಗೋಬಹುದಾ ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಆಳು ಸಿಗುವುದಿಲ್ಲ, ಎತ್ತು ಸಾಕುವುದು ಕಷ್ಟ, ಟಿಲ್ಲರ್ ಹಿಂದೆ ನಡೆದು ನಡೆದು ಸೊಂಟ ಹೋಗಿದೆ, ಹೊಸ ಟ್ರ್ಯಾಕ್ಟರಿನ ಕಂತು ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ. ಹಾಗಾಗಿ ಕೇಳುವುದರಲ್ಲಿ ಅರ್ಥವಿದೆ. ಆದರೆ ಎಲ್ಲರ ಮೊದಲ ಪ್ರಶ್ನೆ ಮಾತ್ರ ನನಗೆ ಸರಿ ಕಾಣುವುದಿಲ್ಲ. "ಹದಿನೆಂಟು ಎಚ್‌ಪಿ ಅಂತೆ, ಸಾಕಾಗುತ್ತಾ ಸಾರ್?" ಯಾವುದಕ್ಕೆ ಸಾಕಾಗಬೇಕು ಅಂತ ತಿರುಗಿ ಕೇಳಿದರೆ "ಎಲ್ಲಾದಕ್ಕೂ" ಅಂತಾರೆ. ಎಲ್ಲಾದಕ್ಕೂ ಸಾಕಾಗುವ ಟ್ರ್ಯಾಕ್ಟರ್ ನಲವತ್ತೈದು ಎಚ್‌ಪಿಯದ್ದೂ ಅಲ್ಲ, ಅದು ಬೇರೆ ಮಾತು. ನನ್ನ ಅಭಿಪ್ರಾಯ ಇಷ್ಟು: ಚಿಕ್ಕ ಟ್ರ್ಯಾಕ್ಟರನ್ನು ದೊಡ್ಡ ಟ್ರ್ಯಾಕ್ಟರಿನ ಮರಿ ಅಂದುಕೊಂಡು ಕೊಂಡವರಿಗೆ ಅದು ನಷ್ಟ. ಅದು ಬೇರೆಯೇ ಜಾತಿಯ ಯಂತ್ರ ಅಂತ ತಿಳಿದು ಕೊಂಡವರಿಗೆ ಹದಿನೈದು ವರ್ಷ ಹಳೆಯದೂ ಒಳ್ಳೇ ಗಾಡಿಯೇ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದೇ ಮಾದರಿಯನ್ನು ಇಟ್ಟುಕೊಂಡು ಹೇಳುತ್ತೇನೆ. ನಮ್ಮ ತುಮಕೂರು ಕಡೆ ಹಳೇ ಮಿನಿ ಟ್ರ್ಯಾಕ್ಟರ್ ಅಂದರೆ ಹೆಚ್ಚಾಗಿ ಕಣ್ಣಿಗೆ ಬೀಳುವುದು ಮಿತ್ಸುಬಿಷಿ ಶಕ್ತಿ ಎಂಟಿ 180ಡಿ. ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾದದ್ದು 1967ರಲ್ಲಿ. ನಮ್ಮ ಅಪ್ಪಂದಿರ ಕಾಲದಲ್ಲಿ ಗದ್ದೆಗೆ ಇಳಿದ ಟಿಲ್ಲರ್‌ಗಳೂ ಇದೇ ಮನೆಯವು. ನನ್ನ ಹತ್ತಿರ ಇರುವುದೂ ಇದೇ ಮಾದರಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು, ಆರು ವರ್ಷದಿಂದ ಅಡಿಕೆ, ತೆಂಗು, ತರಕಾರಿ ಮೂರರಲ್ಲೂ ಓಡುತ್ತಿದೆ.

ಅದರ ವಿವರ ಹೀಗಿದೆ. ಮೂರು ಸಿಲಿಂಡರ್, 900 ಸಿಸಿ ಆಸುಪಾಸಿನ, ನೀರಿನಿಂದ ತಣಿಯುವ ಡೀಸೆಲ್ ಎಂಜಿನ್. 2700 ಆರ್‌ಪಿಎಂನಲ್ಲಿ 18.5 ಎಚ್‌ಪಿ. ಮುಂದಕ್ಕೆ ಆರು ಗೇರ್, ಹಿಂದಕ್ಕೆ ಎರಡು. ಅಗಲ 1065 ಮಿ.ಮೀ., ಅಂದರೆ ಮೂರೂವರೆ ಅಡಿ. ತೂಕ, ಎರಡು ಚಕ್ರ ಚಾಲನೆಯದಾದರೆ, ಮುಕ್ಕಾಲು ಟನ್ ಒಳಗೆ. ಹೈಡ್ರಾಲಿಕ್ ಎತ್ತುವುದು 500 ಕೆಜಿ. ಡೀಸೆಲ್ ಟ್ಯಾಂಕ್ 18 ಲೀಟರ್. ಪಿಟಿಒಗೆ ಒಂದಲ್ಲ, ಒಂದಕ್ಕಿಂತ ಹೆಚ್ಚು ವೇಗ. ವರ್ಷ ನೋಡಿ ಅಂಕಿಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ನೀವು ನೋಡುವ ಗಾಡಿಯ ಜೊತೆ ಪುಸ್ತಕ ಸಿಕ್ಕಿದರೆ ಅದರಲ್ಲಿರುವುದೇ ಅಂತಿಮ.

ಇಷ್ಟು ಅಂಕಿಗಳಲ್ಲಿ ನಮ್ಮವರು ಓದುವುದು 18.5 ಒಂದನ್ನೇ. ನನ್ನ ಪ್ರಕಾರ ಅದು ನಾಲ್ಕನೆಯದೋ ಐದನೆಯದೋ ಆಗಿ ಓದಬೇಕಾದ ಅಂಕಿ.

ಎಳೆಯುವ ಯಂತ್ರವಲ್ಲ, ತಿರುಗಿಸುವ ಯಂತ್ರ

ನಮಗೆ ಟ್ರ್ಯಾಕ್ಟರ್ ಅಂದರೆ ಎತ್ತಿನ ಬದಲು ಬಂದದ್ದು. ಎತ್ತು ಎಳೆಯುತ್ತೆ, ಟ್ರ್ಯಾಕ್ಟರೂ ಎಳೀಬೇಕು. ನೇಗಿಲು, ಕಲ್ಟಿವೇಟರ್, ಟ್ರಾಲಿ ಎಲ್ಲಾ ಎಳೆಯುವ ಲೆಕ್ಕವೇ. ಜಪಾನಿನವರು ಈ ಚಿಕ್ಕ ಟ್ರ್ಯಾಕ್ಟರ್ ಮಾಡಿದ್ದು ಆ ಲೆಕ್ಕದಲ್ಲಿ ಅಲ್ಲ. ಅವರದು ಸಣ್ಣ ಸಣ್ಣ ಗದ್ದೆ, ಕೆಸರು ನೆಲ. ಅಲ್ಲಿ ಮುಖ್ಯ ಸಲಕರಣೆ ನೇಗಿಲಲ್ಲ, ಹಿಂದೆ ತಿರುಗುವ ರೋಟರಿ. ಎಂಜಿನ್ನಿನ ಶಕ್ತಿ ಚಕ್ರದ ಮೂಲಕ ನೆಲಕ್ಕೆ ಹೋಗುವುದಕ್ಕಿಂತ ಪಿಟಿಒ ಮೂಲಕ ಹಲ್ಲಿಗೆ ಹೋಗುವುದು ಹೆಚ್ಚು.

ಇದರ ಲೆಕ್ಕ ಕಷ್ಟದ್ದೇನಲ್ಲ. ಒಂದು ಟ್ರ್ಯಾಕ್ಟರ್ ಎಷ್ಟು ಎಳೆಯಬಹುದು ಅನ್ನುವುದನ್ನು ಎಂಜಿನ್ನಿಗಿಂತ ಮೊದಲು ತೀರ್ಮಾನ ಮಾಡುವುದು ಅದರ ತೂಕ. ಒಣಗಿದ ಗಟ್ಟಿ ನೆಲದಲ್ಲಿ ತನ್ನ ತೂಕದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಎಳೆಯಬಹುದು, ಸಡಿಲ ಮಣ್ಣಿನಲ್ಲಿ ಇನ್ನೂ ಕಡಿಮೆ. 700 ಕೆಜಿ ಗಾಡಿ ಅಂದರೆ 250 ಕೆಜಿ ಎಳೆತ ಅಂತ ಇಟ್ಟುಕೊಳ್ಳಿ. ಅದಕ್ಕೂ ಮೀರಿದರೆ ಎಂಜಿನ್ ನಿಲ್ಲುವುದಿಲ್ಲ, ಚಕ್ರ ಸುಮ್ಮನೆ ಸುತ್ತುತ್ತದೆ. ಈಗ 250 ಕೆಜಿ ಎಳೆತವನ್ನು ಗಂಟೆಗೆ 3 ಕಿ.ಮೀ. ವೇಗದಲ್ಲಿ ಎಳೆದರೆ ಬೇಕಾಗುವ ಶಕ್ತಿ ಎಷ್ಟು? ಮೂರು ಎಚ್‌ಪಿಯೂ ಇಲ್ಲ! ಹದಿನೆಂಟೂವರೆಗೆ ದುಡ್ಡು ಕೊಟ್ಟು ಮೂರನ್ನು ಬಳಸಿದ ಹಾಗೆ. ಚಕ್ರ ಜಾರುವುದರಲ್ಲಿ, ಗೇರ್‌ಬಾಕ್ಸಿನಲ್ಲಿ ಹೋಗುವುದನ್ನು ಸೇರಿಸಿದರೂ ಬಹಳ ಹೆಚ್ಚಾಗುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಒಂದಡಿ ಅಗಲ, ಅರ್ಧ ಅಡಿ ಆಳಕ್ಕೆ ಮಣ್ಣು ಮಗುಚುವ ಒಂದೇ ಒಂದು ಕಬ್ಬಿಣದ ನೇಗಿಲು ಕಟ್ಟಿದರೆ ಅದು ಕತ್ತರಿಸುವುದು ಸುಮಾರು 450 ಚದರ ಸೆಂ.ಮೀ. ಮಣ್ಣನ್ನು. ಗಟ್ಟಿ ಎರೆ ಮಣ್ಣಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ ಅರ್ಧ ಕೆಜಿಗಿಂತ ಹೆಚ್ಚು ಎಳೆತ ಬೇಕು. ಅಲ್ಲಿಗೇ 225 ಕೆಜಿ ದಾಟಿತು. ಅಂದರೆ ಒಂದು ನೇಗಿಲಿಗೇ ನಮ್ಮ ಗಾಡಿ ಏದುಸಿರು ಬಿಡುತ್ತದೆ. ಹೀಗಿರುವಾಗ ಯಾರೋ ಹೇಳಿದರು ಅಂತ ಒಂಬತ್ತು ಕುಳದ ಕಲ್ಟಿವೇಟರ್ ಕಟ್ಟಿ, ಮುಂದಿನ ಚಕ್ರ ಮೇಲೆದ್ದಾಗ "ಈ ಗಾಡೀಲಿ ದಮ್ಮಿಲ್ಲ" ಅಂತ ಬೈದರೆ ಗಾಡಿ ಏನು ಮಾಡೀತು?

ರೋಟವೇಟರ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅದರ ಹಲ್ಲು ಚಕ್ರ ಹೋಗುವ ದಿಕ್ಕಿಗೇ ತಿರುಗುತ್ತಾ ಮಣ್ಣನ್ನು ಹಿಂದಕ್ಕೆ ಎಸೆಯುವುದರಿಂದ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಎಳೆಯುವ ಹೊರೆಯೇ ಇಲ್ಲ. ತೂಕ ಕಡಿಮೆ ಇದ್ದರೂ ನಡೆಯುತ್ತದೆ. ಎಂಜಿನ್ನಿನ ಶಕ್ತಿಯಲ್ಲಿ ಹೆಚ್ಚಿನ ಪಾಲು, 15 ಎಚ್‌ಪಿಯಷ್ಟು, ಕೆಲಸಕ್ಕೆ ಸಿಗುತ್ತದೆ. ಹುಲ್ಲು ಕೊಚ್ಚುವ ಸ್ಲ್ಯಾಷರ್, ಔಷಧಿ ಹೊಡೆಯುವ ಪಂಪು, ಸೋಗೆ ಪುಡಿ ಮಾಡುವ ಯಂತ್ರ ಎಲ್ಲವೂ ಇದೇ ಸಾಲಿಗೆ ಸೇರಿದವು. ತೋಟದ ಕೆಲಸದಲ್ಲಿ ನಮಗೆ ಬೇಕಾದದ್ದು ಬಹುಪಾಲು ಇಂಥದ್ದೇ ಅಲ್ಲವೇ? ಬಯಲು ಹೊಲ ಉಳುವವರಿಗೆ ಎಳೆತ ಬೇಕು. ತೋಟದವರಿಗೆ ಬೇಕಿರುವುದು ತಿರುಗುವ ಶಕ್ತಿ, ಅದೂ ಇಕ್ಕಟ್ಟಿನ ಜಾಗಕ್ಕೆ ಹೋಗಬಲ್ಲದ್ದು.

ಮೂರೂವರೆ ಅಡಿಯ ಬೆಲೆ

ಆ ಇಕ್ಕಟ್ಟಿನ ವಿಷಯಕ್ಕೆ ಬರೋಣ, ನನ್ನ ದೃಷ್ಟಿಯಲ್ಲಿ ಮೊದಲು ಓದಬೇಕಾದ ಅಂಕಿ ಇದೇ. ಅಡಿಕೆಗೆ ಶಿಫಾರಸು ಮಾಡಿದ ಅಂತರ 9 ಅಡಿಗೆ 9 ಅಡಿ. ಹಳೇ ತೋಟಗಳಲ್ಲಿ ಇನ್ನೂ ಕಿರಿದು. ಒಂಬತ್ತು ಅಡಿ ಸಾಲಿನಲ್ಲಿ ಮೂರೂವರೆ ಅಡಿ ಗಾಡಿ ನಡುವೆ ಹೋದರೆ, ಕಾಂಡದ ದಪ್ಪ ಕಳೆದು, ಎರಡೂ ಬದಿಗೆ ಎರಡೂವರೆ ಅಡಿ ಉಳಿಯುತ್ತದೆ. ಅದೇ ಸಾಲಿಗೆ ಆರಡಿ ಹತ್ತಿರದ ಅಗಲ ಇರುವ ದೊಡ್ಡ ಟ್ರ್ಯಾಕ್ಟರ್ ನುಗ್ಗಿಸಿದರೆ ಉಳಿಯುವುದು ಒಂದೂಕಾಲು ಅಡಿ. ಹೋಗುತ್ತೆ, ಇಲ್ಲ ಅನ್ನುವುದಿಲ್ಲ. ಪಕ್ಕದ ಊರಿನ ಡ್ರೈವರ್‌ಗಳು ಕಣ್ಣುಮುಚ್ಚಿ ಹೊಡೀತಾರೆ. ಆದರೆ ಅಡಿಕೆಗೆ ತಾಯಿಬೇರಿಲ್ಲ. ಬಹುಪಾಲು ಬೇರು ಬುಡದಿಂದ ಎರಡು ಮೂರು ಅಡಿ ಒಳಗೇ, ಮೇಲುಮಣ್ಣಿನಲ್ಲೇ ಹರಡಿರುತ್ತದೆ. ಆರಡಿ ಗಾಡಿಯ ರೋಟವೇಟರ್ ಕೊಚ್ಚುವುದು ಸರಿಯಾಗಿ ಅಲ್ಲೇ. ಹುಲ್ಲು ಹೋಯ್ತು, ತೋಟ ಚೊಕ್ಕ ಆಯ್ತು ಅಂತ ಖುಷಿ. ಮುಂದಿನ ಬೇಸಿಗೆಯಲ್ಲಿ ಸೋಗೆ ಹಳದಿಯಾದಾಗ ಮಾತ್ರ ಎಲ್ಲರೂ ಗೊಬ್ಬರದ ಅಂಗಡಿಗೆ ಓಡುತ್ತಾರೆ.

ರೇಷ್ಮೆಯವರಿಗೆ ಇದು ಇನ್ನೂ ಸಲೀಸು. ಜೋಡಿ ಸಾಲಿನ ಹಿಪ್ಪುನೇರಳೆ ಪದ್ಧತಿ ಇದೆಯಲ್ಲ, ಮೂರಡಿ ಮತ್ತು ಐದಡಿ ಅಂತರದ್ದು, ಅದರ ಐದಡಿ ಜಾಗದಲ್ಲಿ ಮೂರೂವರೆ ಅಡಿ ಗಾಡಿ ಹೋದರೆ ಆಚೀಚೆ ಮುಕ್ಕಾಲು ಮುಕ್ಕಾಲು ಅಡಿ ಉಳಿಯುತ್ತದೆ. ಟೊಂಗೆ ಬಾಗಿರುವ ಕಾಲದಲ್ಲಿ ಸ್ವಲ್ಪ ಉಜ್ಜುತ್ತೆ ಅಷ್ಟೇ. ದ್ರಾಕ್ಷಿ ಸಾಲಿಗೂ ತೊಂದರೆಯಿಲ್ಲ.

ಆದರೆ ಬರೀ ಸಾಲಿನ ಅಂತರ ಅಳೆದರೆ ಸಾಲದು. ಕೊನೆಯಲ್ಲಿ ತಿರುಗಿಸುವ ಜಾಗ ಬೇಕು. ಈ ಗಾಡಿ ಎರಡೂವರೆ ಮೀಟರ್ ಆಸುಪಾಸಿನ ತ್ರಿಜ್ಯದಲ್ಲಿ ತಿರುಗುತ್ತದೆ. ಹಿಂದೆ ರೋಟವೇಟರ್ ಬೇರೆ ಇರುತ್ತದೆ. ಬೇಲಿಯ ತನಕ ಗಿಡ ನೆಟ್ಟಿದ್ದರೆ ಪ್ರತಿ ಸಾಲಿಗೂ ಹಿಂದಕ್ಕೆ ಮುಂದಕ್ಕೆ ಮಾಡಿ ಮಾಡಿ ಕ್ಲಚ್ ಸವೆಯುತ್ತದೆ. ಬಸಿಗಾಲುವೆ ಇದ್ದರೆ ದಾಟಲು ಹಲಗೆಯೋ ಕಲ್ಲುಚಪ್ಪಡಿಯೋ ಬೇಕು. ಹನಿ ನೀರಾವರಿ ಪೈಪು ಸಾಲಿನ ನಡುವೆ ಬಿದ್ದಿದ್ದರೆ ರೋಟವೇಟರ್ ಅದನ್ನು ನೂಲಿನ ಹಾಗೆ ಸುತ್ತಿಕೊಳ್ಳುತ್ತದೆ, ಬಿಡಿಸಲು ಅರ್ಧ ದಿನ.

ತೋಟಗಾರಿಕೆ ಓದುವಾಗ ನಾಲ್ಕು ಅಡಿಕೆ ಗಿಡದ ಮಧ್ಯಕ್ಕೆ ಒಂದು ಬಾಳೆ ಅಂತ ಚಿತ್ರ ಬರೆಯುತ್ತಿದ್ದೆವು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಹಾಗೆ ನೆಟ್ಟ ತೋಟದಲ್ಲಿ ಉದ್ದಕ್ಕೂ ದಾರಿ ಇಲ್ಲ, ಅಡ್ಡಕ್ಕೂ ದಾರಿ ಇಲ್ಲ. ಹೊಸದಾಗಿ ತೋಟ ಕಟ್ಟುವವರಿಗೆ ನಾನು ಹೇಳುವುದು, ಬಾಳೆ, ಕೋಕೊ ಏನೇ ಹಾಕಿ, ಸಾಲು ಬಿಟ್ಟು ಸಾಲಿಗೆ ಹಾಕಿ. ಮಧ್ಯದ ಒಂದೊಂದು ಸಾಲು ಗಾಡಿಗೆ ಇರಲಿ. ಗಾಡಿ ಈಗ ಇಲ್ಲದಿದ್ದರೂ ಪರವಾಗಿಲ್ಲ, ನಾಳೆ ನಿಮ್ಮ ಮಗನೋ ಮಗಳೋ ತರುತ್ತಾರೆ, ಆಗ ಬಾಳೆ ಕಡಿಯುವ ಕೆಲಸ ತಪ್ಪುತ್ತದೆ.

ಎರಡನೇ ಅಂಕಿ ತೂಕ. ಸಾವಯವ ಮಾಡುವವರು ಗೊಬ್ಬರ, ಜೀವಾಮೃತ, ಹೊದಿಕೆ ಅಂತ ಎಷ್ಟೆಲ್ಲ ಮಾತಾಡುತ್ತೇವೆ. ಮಣ್ಣಿನ ಮೇಲೆ ಎಷ್ಟು ಭಾರ ಹೋಗುತ್ತಿದೆ ಅನ್ನುವುದನ್ನು ಮಾತ್ರ ಮರೆತುಬಿಡುತ್ತೇವೆ. ಒಂದು ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ಜೀವಿ ಅಂತ ಭಾಷಣ ಕೇಳಿ ಬಂದು, ಎರಡು ಟನ್ ಟ್ರ್ಯಾಕ್ಟರನ್ನು ಹಸಿ ಮಣ್ಣಿಗೆ ಇಳಿಸಿದರೆ ಆ ಜೀವಿಗಳಿಗೆ ಉಸಿರಾಡಲು ಸಂದು ಎಲ್ಲಿ ಉಳಿಯಿತು?

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಮುಚ್ಚಿಟ್ಟು ಚಿಕ್ಕ ಗಾಡಿಯನ್ನು ಹೊಗಳುವುದು ಸರಿಯಲ್ಲ. ಮೇಲ್ಪದರದ ಮಣ್ಣು ಎಷ್ಟು ಅಮುಕಿಕೊಳ್ಳುತ್ತದೆ ಅನ್ನುವುದು ಹೆಚ್ಚಾಗಿ ಟೈರಿನ ಗಾಳಿಯ ಒತ್ತಡದ ಮೇಲೆ ಹೋಗುತ್ತದೆ. ಚಿಕ್ಕ ಗಾಡಿಯ ಟೈರೂ ಚಿಕ್ಕದು, ಕಿರಿದು. ಹಾಗಾಗಿ ಮೇಲಿನ ಮೂರ್ನಾಲ್ಕು ಇಂಚಿನಲ್ಲಿ ಅದರ ಪೆಟ್ಟು ದೊಡ್ಡ ಗಾಡಿಗಿಂತ ತೀರ ಕಡಿಮೆ ಏನಲ್ಲ. ಆದರೆ ಆ ಅಮುಕುವಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಆಕ್ಸಲ್ ಮೇಲಿನ ಒಟ್ಟು ಭಾರ. ಮೇಲೆ ಅಮುಕಿದ್ದನ್ನು ಎರೆಹುಳ, ಬೇರು, ಒಂದು ಮಳೆ, ಒಂದು ಬಿಸಿಲು ಸೇರಿ ಸಡಿಲ ಮಾಡಿಕೊಳ್ಳುತ್ತವೆ. ಒಂದೂವರೆ ಅಡಿ ಕೆಳಗೆ ಗಟ್ಟಿಯಾದ ಪದರ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ, ಅದನ್ನು ಒಡೆಯಲು ಮತ್ತೆ ದೊಡ್ಡ ಯಂತ್ರವನ್ನೇ ಕರೆಸಬೇಕು. ಚಿಕ್ಕ ಗಾಡಿಯ ನಿಜವಾದ ಲಾಭ ಇರುವುದು ಈ ಕೆಳಗಿನ ಪದರದಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ.

ಮುಷ್ಟಿಯಲ್ಲಿ ಮಣ್ಣು ಹಿಡಿದು ಒತ್ತಿದರೆ ಉಂಡೆ ಕಟ್ಟಿ, ಕೆಳಗೆ ಬಿಟ್ಟರೂ ಒಡೆಯದಿದ್ದರೆ ಅವತ್ತು ಯಾವ ಗಾಡಿಯೂ ಬೇಡ. ಚಿಕ್ಕದೂ ಬೇಡ. ಬಾಡಿಗೆ ಗಾಡಿಯಾದರೆ ಅವನು ಬಂದ ದಿನವೇ ಹೊಡೆಸಬೇಕು, ಮಣ್ಣಿನ ಹದ ಕೇಳುವವರಿಲ್ಲ. ಸ್ವಂತದ್ದಿದ್ದರೆ ಎರಡು ದಿನ ಕಾಯಬಹುದು. ಹಳೇದಾದರೂ ಸ್ವಂತದ್ದು ಇರಲಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಹಾಗಂತ ಸ್ವಂತ ಗಾಡಿ ಇದೆ ಅಂತ ತಿಂಗಳಿಗೊಂದು ಸಲ ರೋಟವೇಟರ್ ಹೊಡೆಯುವ ಚಟ ಬೇಡ. ತೋಟ ಕನ್ನಡಿಯ ಹಾಗಿರಬೇಕು ಅನ್ನುವುದು ನಮ್ಮ ಹಿರಿಯರ ಆಸೆ. ಮಣ್ಣನ್ನು ಪದೇ ಪದೇ ಹಿಟ್ಟು ಮಾಡಿದರೆ ಅದರ ಕಾಳುಕಾಳಾದ ರಚನೆ ಹೋಗಿ ಮೊದಲ ಮಳೆಗೇ ಹೆಪ್ಪುಗಟ್ಟುತ್ತದೆ, ಹಲ್ಲು ಉಜ್ಜುವ ಆಳದಲ್ಲಿ ಕೆಳಗೊಂದು ನುಣುಪಾದ ಗಟ್ಟಿ ಪದರವೂ ಆಗುತ್ತದೆ. ನನ್ನ ಗಾಡಿ ವರ್ಷದಲ್ಲಿ ಹೆಚ್ಚು ಗಂಟೆ ಮಾಡುವುದು ಸ್ಲ್ಯಾಷರ್ ಕೆಲಸ ಮತ್ತು ಗೊಬ್ಬರ, ಗೊನೆ, ಸೋಗೆ ಸಾಗಿಸುವುದು. ಅಡಿಕೆ ಸಾಲಿನಲ್ಲಿ ರೋಟವೇಟರ್ ವರ್ಷಕ್ಕೊಮ್ಮೆ, ಅದೂ ಹಸಿರೆಲೆ ಗೊಬ್ಬರದ ಗಿಡ ಸೇರಿಸಲು, ಎರಡು ಮೂರು ಇಂಚಿಗಿಂತ ಕೆಳಗೆ ಬಿಡುವುದಿಲ್ಲ.

ಪಿಟಿಒ, ಲಿಫ್ಟ್, ಟ್ರಾಲಿ

ಪಿಟಿಒ ವೇಗದ ವಿಷಯ ಸ್ವಲ್ಪ ನಿಧಾನವಾಗಿ ಓದಿ. ದೊಡ್ಡ ಟ್ರ್ಯಾಕ್ಟರ್‌ಗಳಲ್ಲಿ 540 ಅನ್ನುವುದು ಎಲ್ಲರಿಗೂ ಬಾಯಿಪಾಠ. ಮಾರುಕಟ್ಟೆಯಲ್ಲಿ ಸಿಗುವ ಸಲಕರಣೆಗಳೂ ಹೆಚ್ಚಾಗಿ 540ಕ್ಕೆ ಮಾಡಿದವು. ಜಪಾನಿ ಮೂಲದ ಚಿಕ್ಕ ಗಾಡಿಗಳಲ್ಲಿ ಪಿಟಿಒಗೇ ಗೇರ್ ಇರುತ್ತದೆ. ಎಂಟಿ 180ಡಿಯಲ್ಲಿ ಅತಿ ಕೆಳಗಿನದೇ, ಎಂಜಿನ್ ಪೂರ್ತಿ ವೇಗದಲ್ಲಿರುವಾಗ, 600 ದಾಟುತ್ತದೆ. ಮೇಲಿನದು ಸಾವಿರಕ್ಕೂ ಹೆಚ್ಚು. 540ರ ಸಲಕರಣೆಯನ್ನು ಮೇಲಿನ ಗೇರಿಗೆ ಹಾಕಿ ಪೂರ್ತಿ ಎಕ್ಸಲೇಟರ್ ಕೊಟ್ಟರೆ ಬೇರಿಂಗ್ ಹೋಗುವುದು ಸಣ್ಣ ನಷ್ಟ, ಬ್ಲೇಡ್ ಕಿತ್ತುಕೊಂಡು ಹಾರಿದರೆ ಮನುಷ್ಯರೇ ಹೋಗುತ್ತಾರೆ. ಕೆಳಗಿನ ಗೇರಿನಲ್ಲಿ, ಎಂಜಿನ್ನನ್ನು 2300ರ ಹತ್ತಿರ ಇಟ್ಟರೆ 540 ಸಿಗುತ್ತದೆ. ಯಾವ ಲಿವರ್ ಯಾವ ವೇಗ ಅನ್ನುವ ಸ್ಟಿಕ್ಕರ್ ಹಳೇ ಗಾಡಿಗಳಲ್ಲಿ ಅಳಿಸಿಹೋಗಿರುತ್ತದೆ. ಮಾರುವವರನ್ನು ಕೇಳಿ ಪೇಂಟಿನಲ್ಲಿ ಬರೆದುಕೊಳ್ಳಿ.

ದೊಡ್ಡ ಟ್ರ್ಯಾಕ್ಟರಿನ ದಡದಡ ಸದ್ದಿಗೆ ಕಿವಿ ಒಗ್ಗಿದವರಿಗೆ 2700ರಲ್ಲಿ ಓಡುವ ಈ ಎಂಜಿನ್ ಕಿರುಚುತ್ತಿದೆ ಅನ್ನಿಸುತ್ತದೆ. ಪಾಪ ಅಂತ ವೇಗ ಇಳಿಸಿ, ಹೊರೆ ಮಾತ್ರ ಅಷ್ಟೇ ಇಟ್ಟು ಕಪ್ಪು ಹೊಗೆ ಬರಿಸುತ್ತಾರೆ. ಅದರ ಸಹಜ ಸದ್ದೇ ಅದು. ರೋಟವೇಟರ್ ಮೂರಡಿ, ಹೆಚ್ಚೆಂದರೆ ಮೂರೂವರೆ ಅಡಿಯದ್ದು ಸಾಕು. ಐದಡಿಯದ್ದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಎತ್ತುವುದೂ ಕಷ್ಟ, ತಿರುಗಿಸುವುದೂ ಕಷ್ಟ. ಸರಿಯಾದ ಅಳತೆಯದ್ದು ಕಟ್ಟಿದರೆ ನನ್ನ ಗಾಡಿ ಗಂಟೆಗೆ ಎರಡು ಲೀಟರಿಗಿಂತ ತುಸು ಹೆಚ್ಚು ಡೀಸೆಲ್ ಕುಡಿಯುತ್ತದೆ, ಸಾಗಣೆಗೆ ಅದಕ್ಕಿಂತ ಕಡಿಮೆ.

ಲಿಫ್ಟ್ 500 ಕೆಜಿ ಅಂದರೆ ಕೊಂಡಿಯ ತುದಿಯಲ್ಲಿ 500 ಕೆಜಿ. ಸಲಕರಣೆಯ ಭಾರ ಇರುವುದು ಕೊಂಡಿಯಿಂದ ಒಂದೆರಡು ಅಡಿ ಹಿಂದೆ. ಅಲ್ಲಿಗೆ ಲೆಕ್ಕ ಇಳಿಯುತ್ತದೆ. ಅದಕ್ಕಿಂತ ಮೊದಲೇ ಮುಂದಿನ ಚಕ್ರ ಹಗುರವಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಮುಂದೆ ಕಟ್ಟುವ ತೂಕದ ಕಲ್ಲು ಇದ್ದರೆ ಮಾರುವವರಿಂದ ಅದನ್ನೂ ಕೇಳಿ ಪಡೆಯಿರಿ.

ಟ್ರಾಲಿ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಗುರ ಗಾಡಿಗೆ ಭಾರದ ಟ್ರಾಲಿ ಕಟ್ಟಿ ಏರು ಹತ್ತಿಸಬಹುದು, ತೊಂದರೆ ಇರುವುದು ಇಳಿಯುವಾಗ. ಟ್ರಾಲಿ ಹಿಂದಿನಿಂದ ತಳ್ಳಿ ಗಾಡಿಯನ್ನು ಅಡ್ಡ ತಿರುಗಿಸುತ್ತದೆ, ಈ ಹಳೇ ಮಾದರಿಯ ಶೂ ಬ್ರೇಕು ಅದನ್ನು ತಡೆಯುವುದಿಲ್ಲ. ತೋಟದೊಳಗೆ ಒಂದು ಟನ್ ಆಸುಪಾಸು ಸಾಕು, ಇಳಿಜಾರಿನಲ್ಲಿ ಅದರ ಅರ್ಧ. ಮಲೆನಾಡಿನವರಿಗೆ ಇನ್ನೊಂದು ಮಾತು. ಅಗಲ ಕಡಿಮೆ ಇರುವುದು ಸಾಲಿನಲ್ಲಿ ವರ, ಓರೆ ನೆಲದಲ್ಲಿ ಶಾಪ. ಇಳಿಜಾರಿಗೆ ಅಡ್ಡಲಾಗಿ ಓಡಿಸಿದರೆ ಮಗುಚುವ ಅಪಾಯ ದೊಡ್ಡ ಗಾಡಿಗಿಂತ ಇದಕ್ಕೆ ಬೇಗ. ಹಳೇ ಗಾಡಿಗಳಲ್ಲಿ ಮಗುಚಿದಾಗ ಕಾಪಾಡುವ ಕಬ್ಬಿಣದ ಕಮಾನು ಇರುವುದಿಲ್ಲ. ಪಿಟಿಒ ಮೇಲಿನ ರಕ್ಷಣಾ ಕವಚವನ್ನಂತೂ ಮೊದಲ ಮಾಲೀಕನೇ ಬಿಚ್ಚಿ ಎಸೆದಿರುತ್ತಾನೆ. ಬೇರೆ ಯಾವ ರಿಪೇರಿ ಮುಂದಕ್ಕೆ ಹಾಕಿದರೂ ಆ ಕವಚವನ್ನು ಮೊದಲ ವಾರವೇ ಹಾಕಿಸಿ. ತಿರುಗುವ ಶಾಫ್ಟಿನ ಹತ್ತಿರ ಪಂಚೆ, ಟವೆಲ್ಲು, ಸೆರಗು ಯಾವುದೂ ಬೇಡ. ಎಂಜಿನ್ ನಿಲ್ಲಿಸದೆ ಕಸ ಬಿಡಿಸಲು ಕೈ ಹಾಕುವ ಧೈರ್ಯವಂತರು ಪ್ರತಿ ಊರಿನಲ್ಲೂ ಇದ್ದಾರೆ, ಬೆರಳಿಲ್ಲದವರೂ ಪ್ರತಿ ಊರಿನಲ್ಲೂ ಇದ್ದಾರೆ.

ಯಾರಿಗೆ ಬೇಡ ಅಂತಲೂ ಹೇಳಿಬಿಡುತ್ತೇನೆ. ಬರೀ ರಾಗಿ, ಜೋಳ, ತೊಗರಿಯ ಬಯಲು ಹೊಲ ಇರುವವರಿಗೆ ಬೇಡ, ವರ್ಷಕ್ಕೆ ಎರಡು ಸಲ ಬಾಡಿಗೆ ಗಾಡಿ ಕರೆಸುವುದೇ ಲಾಭ. ಉತ್ತರ ಕರ್ನಾಟಕದ ಆಳವಾದ ಎರೆ ಭೂಮಿಯವರಿಗೆ ಬೇಡ, ಎಳೆತದ ಲೆಕ್ಕ ಮೇಲೇ ಹೇಳಿದೆನಲ್ಲ. ದೂರದ ಮಾರುಕಟ್ಟೆಗೆ ತರಕಾರಿ ಸಾಗಿಸುವ ಆಸೆ ಇರುವವರಿಗೂ ಬೇಡ, ಇದರ ಗರಿಷ್ಠ ವೇಗ ಗಂಟೆಗೆ 14 ಕಿ.ಮೀ. ಒಂದೆರಡು ಎಕರೆ ಮಾತ್ರ ತೋಟ ಇರುವವರು ಪಕ್ಕದವರ ಜೊತೆ ಸೇರಿ ಒಂದನ್ನು ಕೊಳ್ಳುವುದು ಮೇಲು, ಸೇರಿ ಕೊಳ್ಳುವಷ್ಟು ಮಾತುಕತೆ ಇದ್ದರೆ.

ಸಹಾಯಧನ ಹೊಸ ಯಂತ್ರಕ್ಕೆ ಸಿಗುತ್ತೆ, ಹಳೇದಕ್ಕೆ ಇಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಸಹಾಯಧನ ಕಳೆದು ಉಳಿದ ಹಣಕ್ಕೆ ಸಾಲ ಮಾಡಬೇಕಾದರೆ, ಆ ಕಂತು ತೀರಿಸಲು ಗಾಡಿ ವರ್ಷಕ್ಕೆ ಎಷ್ಟು ಗಂಟೆ ದುಡಿಯಬೇಕು ಅಂತ ಬರೆದು ನೋಡಿ. ಮೂರ್ನಾಲ್ಕು ಎಕರೆ ತೋಟದಲ್ಲಿ ಅಷ್ಟು ಕೆಲಸವೇ ಇಲ್ಲ. ಕೊನೆಗೆ ಗಾಡಿಗೋಸ್ಕರ ಊರೆಲ್ಲಾ ಬಾಡಿಗೆ ಹೊಡೆಯಲು ಹೋಗಿ, ಸ್ವಂತ ತೋಟದ ಹದ ತಪ್ಪುತ್ತದೆ. ಹೊಸದು ಬೇಡವೇ ಬೇಡ ಅನ್ನುವುದಿಲ್ಲ. ಹತ್ತು ಎಕರೆ ಮೇಲೆ ಇದ್ದು ಕೈಯಲ್ಲಿ ದುಡ್ಡಿದ್ದರೆ ಧಾರಾಳವಾಗಿ ತಗೊಳ್ಳಿ, ನಾಲ್ಕು ಚಕ್ರ ಚಾಲನೆಯದ್ದೇ ತಗೊಳ್ಳಿ.

ಹಳೇದನ್ನು ನೋಡಲು ಹೋಗುವಾಗ

ಬೆಳಿಗ್ಗೆ ಹೊತ್ತು ಹೋಗಿ, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಹೋದ ತಕ್ಷಣ ಮಾತಿಗೆ ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಟೀ ಕುಡಿದು ತಣ್ಣಗಾಗುವವರೆಗೆ ಕೂತುಕೊಳ್ಳಿ. ಈ ಎಂಜಿನ್ನಿಗೆ ತಣ್ಣಗಿರುವಾಗ ಹೀಟರ್ ಪ್ಲಗ್ ಕಾಯಿಸಿ ಸ್ಟಾರ್ಟ್ ಮಾಡಬೇಕು. ಕೀ ತಿರುಗಿಸಿ ಕೆಲವು ಸೆಕೆಂಡ್ ತಡೆದರೆ ಆರಾಮಾಗಿ ಹಿಡಿಯಬೇಕು. ಹಿಡಿಯದಿದ್ದರೆ ಎರಡು ಕಾರಣ ಇರಬಹುದು: ಪ್ಲಗ್ ಸುಟ್ಟಿರುವುದು, ಇಲ್ಲವೇ ಕಂಪ್ರೆಷನ್ ಹೋಗಿರುವುದು. ಮೊದಲನೆಯದು ಚಿಲ್ಲರೆ ಖರ್ಚು, ಎರಡನೆಯದು ಎಂಜಿನ್ ಬಿಚ್ಚುವ ಖರ್ಚು. ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಅಲ್ಲಿಂದ ಒಂದೇ ಸಮನೆ ಹೊಗೆ ಬುಸುಗುಡುತ್ತಿದ್ದರೆ ರಿಂಗು, ಲೈನರ್ ಸವೆದಿವೆ.

ಗೇರ್‌ಬಾಕ್ಸ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಕೆಸರುಗದ್ದೆಯಲ್ಲಿ ದುಡಿದು, ಸೀಲ್ ಹೋಗಿ, ನೀರು ಒಳಗೆ ಸೇರಿದೆ. ಬೇಡ ಅನ್ನುವುದಿಲ್ಲ, ಬೆಲೆ ಇಳಿಸಿ. ರೋಟವೇಟರನ್ನು ಮೇಲೆತ್ತಿ ಎಂಜಿನ್ ಆಫ್ ಮಾಡಿ ಹದಿನೈದು ನಿಮಿಷ ಬಿಡಿ, ಕೆಳಗೆ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳಿ. ಅಷ್ಟರಲ್ಲಿ ನೆಲಕ್ಕೆ ಬಂದು ಕೂತರೆ ಹೈಡ್ರಾಲಿಕ್ ಕೆಲಸ ಇದೆ. ಗಂಟೆ ತೋರಿಸುವ ಮೀಟರನ್ನು ನಂಬಬೇಡಿ, ಬಹಳ ಗಾಡಿಗಳಲ್ಲಿ ಅದು ಕೆಟ್ಟು ನಿಂತೇ ವರ್ಷಗಳಾಗಿರುತ್ತವೆ. ಕ್ಲಚ್ ಪೆಡಲಿನ ರಬ್ಬರು, ಕೊಂಡಿಯ ತೂತು ಅಗಲವಾಗಿರುವುದು, ಮುಂದಿನ ಆಕ್ಸಲ್ ಪಿನ್ನಿನ ಅಲುಗಾಟ, ಇವು ಹೇಳುವುದೇ ನಿಜವಾದ ಗಂಟೆ. ಗೇರ್ ಹಾಕುವಾಗ ಗಾಡಿ ಪೂರ್ತಿ ನಿಲ್ಲಿಸಿ ಹಾಕಿ, ಓಡುವಾಗ ಹಾಕಿದರೆ ಹಲ್ಲು ಕಿರ್ ಅನ್ನುವುದು ಈ ಹಳೇ ಗೇರ್‌ಬಾಕ್ಸಿನ ಸ್ವಭಾವ, ಅದನ್ನೇ ದೋಷ ಅಂದುಕೊಳ್ಳಬೇಡಿ.

ನಾಲ್ಕು ಚಕ್ರ ಚಾಲನೆಯದಾದರೆ ಟೈರಿನ ಮೇಲೆ ಬರೆದ ಅಳತೆ ಓದಿ. ಮುಂದಿನ ಮತ್ತು ಹಿಂದಿನ ಟೈರಿನ ಸುತ್ತಳತೆಗೆ ಒಂದು ಲೆಕ್ಕ ಇರುತ್ತದೆ. ಸಿಕ್ಕಿದ್ದು ಹಾಕಿ ಓಡಿಸಿದ್ದರೆ ಗಟ್ಟಿ ನೆಲದಲ್ಲಿ ಮುಂದಿನ ಹಿಂದಿನ ಚಕ್ರ ಒಂದನ್ನೊಂದು ಜಗ್ಗಾಡಿ ಒಳಗಿನ ಗೇರುಗಳು ಸವೆದಿರುತ್ತವೆ.

ಕೊನೆಗೆ ಕಾಗದ. ಎಚ್‌ಪಿ ಅನ್ನುವ ಪದವನ್ನು ಮೊದಲು ಕೇಳಲೇಬೇಕಾದ ಜಾಗ ಒಂದಿದ್ದರೆ ಅದು ಇದು. ಆರ್‌ಸಿಯಲ್ಲಿ ಎಚ್‌ಪಿ ಕ್ಯಾನ್ಸಲ್ ಆಗಿದೆಯಾ ನೋಡಿ, ಅಂದರೆ ಗಾಡಿಯ ಮೇಲಿನ ಸಾಲ ತೀರಿ, ಬ್ಯಾಂಕಿನವರು 35ನೇ ನಮೂನೆಗೆ ಸಹಿ ಹಾಕಿ, ಆರ್‌ಟಿಒ ದಾಖಲೆಯಿಂದ ಸಾಲದ ಹೆಸರು ತೆಗೆದಿದ್ದಾರೆಯೇ ಅಂತ. "ಸಾಲ ಎಲ್ಲಾ ತೀರಿದೆ, ಕಾಗದ ಆಮೇಲೆ ಮಾಡಿಸಿಕೊಡ್ತೀನಿ" ಅನ್ನುವ ಮಾತಿಗೆ ಪೂರ್ತಿ ಹಣ ಕೊಡಬೇಡಿ. ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಮುಗಿದಿದ್ದರೆ ನವೀಕರಣದ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿ. ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆಗಳಿಗೆ ಸಹಿ ಆಗಬೇಕು. ಎಂಜಿನ್ ನಂಬರು, ಚಾಸಿ ನಂಬರನ್ನು ಆರ್‌ಸಿ ಜೊತೆ ನೀವೇ ಹೋಲಿಸಿ, ಗ್ರೀಸು ಮೆತ್ತಿದ್ದರೆ ಡೀಸೆಲ್ ಬಟ್ಟೆಯಿಂದ ಒರೆಸಿ. ಚೌಕಾಸಿಗೆ ಕೂರುವ ಮೊದಲು ನಾಲ್ಕು ಟೈರು, ಬ್ಯಾಟರಿ, ಕ್ಲಚ್ ಪ್ಲೇಟು, ಪಿಟಿಒ ಕವಚ ಇಷ್ಟಕ್ಕೆ ಇವತ್ತಿನ ರೇಟು ಅಂಗಡಿಯಲ್ಲಿ ಕೇಳಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವುದು ಹೊಸದಾಗಿ ಹಾಕಿಸಬೇಕೋ ಅದರ ಮೊತ್ತವನ್ನು ಅವರ ಮುಂದೆಯೇ ಕಳೆಯಿರಿ.